ಬಿಸ್ಲು ಏರೋದ್ರೊಳಗ ಹಿತ್ತಲದ ಗಿಡ ಚಿಗುರಿಸ್ಕೊಳ್ಳೋದು ಹೆಂಗ: ನಮ್ಮ ವಿಜಯಪುರದ ಲೆಕ್ಕ

ಸಂಕ್ರಾಂತಿ ಮುಗದು, ಸಿದ್ಧೇಶ್ವರ ಜಾತ್ರಿ ಅಂಗಡಿಗೋಳು ಗಂಟು ಕಟ್ಕೊಂಡು ಹೋದ ಮ್ಯಾಲ ಒಂದ ಎಂಟ-ಹತ್ತ ದಿನ ಬಿಟ್ಟು ನಿಮ್ಮ ಕರಿಬೇವಿನ ಗಿಡದ ಮುಂದ ಹೋಗಿ ನಿಂತು ನೋಡ್ರಿ. ಎಲಿ ಅರ್ಧ ಹಳದಿ ಆಗಿರ್ತಾವ, ಅರ್ಧ ಉದುರಿರ್ತಾವ, ದೂರದಿಂದ ನೋಡಿದ್ರ ಗಿಡ ಹೋತು ಅಂತನ ಅನ್ನಸ್ತೈತಿ. ಟೊಂಗಿ ತುದಿ ಹಿಡದು ಕಣ್ಣ ಹತ್ರ ತಂದು ನೋಡ್ರಿ, ಎಲಿ ಉದುರಿದ ಗುರುತಿನ ಮ್ಯಾಲ ಸಾಸ್ವಿಕಾಳಿನಷ್ಟು ಒಂದ ಉಬ್ಬು, ಅದರ ಮೂತಿಗೆ ಒಂಚೂರು ತಿಳಿ ಹಸರು. ಅದು ಕಂಡ ದಿನದಿಂದ ನಿಮ್ಮ ಕೈಯಾಗ ಲೆಕ್ಕ ಹಾಕಿ ಆರು ವಾರ ಅದಾವ, ಅದಕ್ಕಿಂತ ಹೆಚ್ಚಿಲ್ಲ. ಈ ಆರು ವಾರದಾಗ ಏನ ಮಾಡಬೇಕು, ಏನ ಮಾಡಬಾರದು ಅನ್ನೋದನ್ನ ಹೇಳ್ತೀನಿ, ಹನ್ನೆರಡ ವರ್ಷದಾಗ ನಾ ಕೊಂದ ಗಿಡಗಳ ಪುಣ್ಯದಿಂದ ಕಲ್ತದ್ದು.

ಕ್ಯಾಲೆಂಡರದಾಗ ವಸಂತ ಚೈತ್ರಕ್ಕ ಬರ್ತೈತಿ, ಯುಗಾದಿ ದಿನ ಬೇವು-ಬೆಲ್ಲ ತಿಂದು ಈಗ ಗಾರ್ಡನ್ ಕೆಲ್ಸ ಚಾಲೂ ಮಾಡೋಣು ಅಂತ ಖುರಪಿ ಹಿಡಕೊಂಡು ಹೋಗೋ ಮಂದಿ ಭಾಳ ಅದಾರ. ಬೆಂಗಳೂರಿನ ವಿಡಿಯೋ ನೋಡಿ ಮಾಡೋರದ್ದೂ ಇದ ಕತಿ. ನಮ್ಮ ಕಡಿ ಆವತ್ತಿಗೆ ಆಟ ಮುಗದಿರ್ತೈತಿ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗ್ತೈತಿ ಅಂತಾರಲ್ಲ, ಅದು ಹೋಗೂದ ತಡ ಬಿಸ್ಲು ಬಂದು ಜಾಗಾ ಹಿಡೀತೈತಿ, ನಡಕಿನ ಹಿತವಾದ ಹವಾ ಅನ್ನೋದು ವಿಜಯಪುರಕ್ಕೂ ಬಾಗಲಕೋಟಿಗೂ ಯಾರೂ ಕೊಟ್ಟಿಲ್ಲ. ಏಪ್ರಿಲ್-ಮೇದಾಗ 40 ಡಿಗ್ರಿ ಮುಟ್ಟೋ ಊರು ಇದು. ಕತ್ತರಿಸಿದ ಗಿಡ ಹೊಸ ಚಿಗುರು ಬಿಡಬೇಕು, ಕುಂಡ ಬದ್ಲಿಸಿದ ಗಿಡ ಹೊಸ ಬೇರು ಬಿಡಬೇಕು, ಎರಡಕ್ಕೂ ಮೂರ-ನಾಕ ವಾರ ಬೇಕು, ಆ ಟೈಮ್ ಬಿಸ್ಲು ಏರೋದ್ರೊಳಗ ಸಿಗಬೇಕು. ಅದಕ್ಕ ನನ್ನ ಲೆಕ್ಕ ಹಿಂಗೈತಿ. ಜನವರಿ ಕೊನಿಯಿಂದ ಶಿವರಾತ್ರಿತನಕ ಕತ್ರಿ, ಕುಂಡ, ಗೊಬ್ಬರ ಎಲ್ಲಾ. ಶಿವರಾತ್ರಿಯಿಂದ ಹೋಳಿ ಹುಣ್ಣಿಮಿತನಕ ಬರೇ ತೆಳ್ಳಗಿನ ಗೊಬ್ಬರದ ನೀರು, ಹುಳ ನೋಡೋದು. ಕಾಮಣ್ಣನ್ನ ಸುಟ್ಟ ಮ್ಯಾಲ ಕತ್ರಿ ಮನ್ಯಾಗ ಎತ್ತಿಡ್ರಿ, ಇನ್ನ ನೆರಳು ಮತ್ತ ನೀರು ಅಷ್ಟ.

ಒಂದ ವರ್ಷ ಮನ್ಯಾಗ ಮದುವಿ ಗದ್ಲ, ಟೈಮ್ ಸಿಗಲಿಲ್ಲ, ದುಂಡು ಮಲ್ಲಿಗಿ ಕತ್ತರಿಸಿ ಕುಂಡ ಬದ್ಲಿಸಿದ್ದು ಯುಗಾದಿ ಆದ ಮ್ಯಾಲ. ಚಿಗುರು ಬಂತು, ಇಲ್ಲ ಅನ್ನಂಗಿಲ್ಲ, ಬಂದ ನಾಕ ದಿನಕ್ಕ ಮಧ್ಯಾಹ್ನದ ಬಿಸ್ಲಿಗೆ ಕೆಂಡದ ಮ್ಯಾಲಿನ ಹಪ್ಪಳದಂಗ ಮುದುಡಿ ಕರ್ರಗಾತು. ಎಂಟ ವರ್ಷದ ಗಿಡ. ನಮ್ಮ ಅವ್ವ ಮೂರ ದಿನ ನನ್ನ ಜೋಡಿ ಸರಿಯಾಗಿ ಮಾತಾಡ್ಲಿಲ್ಲ.

ಬೆಳಗಾವಿ ಕಡ್ಯಾವ್ರಿಗೆ ಈ ಲೆಕ್ಕ ಸ್ವಲ್ಪ ಸಡ್ಲ. ನಮ್ಮ ತಂಗಿ ಟಿಳಕವಾಡಿಯಾಗ ಇರ್ತಾಳ, ಅಲ್ಲಿ ಕೆಂಪ ಮಣ್ಣು, ತಂಪ ಹವಾ, ನಮ್ಮಲ್ಲಿ ಮಲ್ಲಿಗಿ ಮೊಗ್ಗು ಬಂದಾವು ಅಂತ ಫೋಟೋ ಕಳ್ಸಿದ್ರ ಆಕಿ ಇನ್ನೂ ಸ್ವೆಟರ್ ಹಾಕ್ಕೊಂಡು ಚಾ ಕುಡಿಯೋ ಫೋಟೋ ಕಳಸ್ತಾಳ. ಅಲ್ಲಿ ಎಲ್ಲಾ ಹದಿನೈದ ದಿನ ಹಿಂದ ಅಂತ ತಿಳ್ಕೊಂಡು ಓದ್ರಿ.

ಮೊದಲನೇ ಕೆಲಸ, ಗಿಡ ಬದುಕೈತೋ ಸತ್ತೈತೋ ನೋಡೋದು. ಚಳಿಗೆ ತುಳಸಿ ಕಟ್ಟಿ ಬರೇ ಕಡ್ಡಿ ಆಗಿರ್ತೈತಿ, ದಾಸಾಳ ಬೋಳಾಗಿರ್ತೈತಿ, ಇದು ಹೋತು ಅಂತ ಕಿತ್ತು ಒಗಿಬ್ಯಾಡ್ರಿ. ಟೊಂಗಿ ಮ್ಯಾಲ ಉಗುರಿನಿಂದ ಮೆಲ್ಲಕ ಒಂಚೂರು ಗೀರ್ರಿ, ಮ್ಯಾಲಿನ ಸಿಪ್ಪಿ ಹೋಗಿ ಒಳಗ ಹಸರು, ಹಸಿ ಹಸಿ ಕಂಡ್ರ ಜೀವ ಐತಿ. ಕಂದು ಬಣ್ಣ, ಒಣ ಕಟಿಗಿ ಕಂಡ್ರ ಅಷ್ಟು ಸತ್ತೈತಿ, ಇನ್ನೊಂದ ಗೇಣು ಕೆಳಗ ಬಂದು ಮತ್ತ ಗೀರ್ರಿ. ಹಿಂಗ ಇಳಕೋಂತ ಬಂದು ಎಲ್ಲಿ ಹಸರು ಸಿಗ್ತೈತೋ ಅಲ್ಲಿಂದ ಒಂದ ಕಣ್ಣು, ಅಂದ್ರ ಚಿಗುರು ಒಡಿಯೋ ಉಬ್ಬು, ಬಿಟ್ಟು ಮ್ಯಾಲಿಂದು ಕತ್ತರಿಸ್ರಿ. ನೆಲದ ತನಕ ಬಂದ್ರೂ ಹಸರು ಸಿಗಲಿಲ್ಲಂದ್ರ ಆವಾಗ ಕೀಳ್ರಿ. ತುಳಸಿ ವಿಷಯ ಮಾತ್ರ ಬ್ಯಾರೆ, ಅದರ ದಪ್ಪ ಕಟಿಗಿ ಆದ ಕಡ್ಡಿಯಿಂದ ಚಿಗುರು ಬರೋದು ಕಡಿಮಿ, ಎಳಿ ಹಸರು ಇರೋ ಜಾಗದ ಮ್ಯಾಲನ ಕತ್ತರಿಸ್ಬೇಕು, ಹಳಿ ಮಂಜರಿಗಳನ್ನೆಲ್ಲಾ ತಗದು ಅದ ಕಟ್ಟ್ಯಾಗ ಉದುರಿಸಿಬಿಡ್ರಿ, ಮರಿ ತಾವ ಹುಟ್ತಾವ.

ಎರಡನೇದು ಮಣ್ಣು, ಇದರಾಗ ಜೀವ ಐತಿ ನೋಡ್ರಿ. ನಮ್ಮದು ಎರಿ ಮಣ್ಣು, ಅಂದ್ರ ಕರಿ ಮಣ್ಣು. ಹೊಲದಾಗ ಹಿಂಗಾರಿ ಜೋಳಕ್ಕ, ಕಡ್ಲಿಗೆ ಬಂಗಾರ, ಒಂದ ಸಲ ಹಸಿ ಹಿಡಿದ್ರ ತಿಂಗಳಗಟ್ಟಲೆ ಬಿಡೂದಿಲ್ಲ, ಕುಂಡದಾಗ ಅದ ಮಣ್ಣು ವೈರಿ. ಹೊಲದಿಂದ ಎರಿ ಮಣ್ಣು ಚೀಲದಾಗ ತಂದು ಬರೇ ಅದನ್ನ ಕುಂಡಕ್ಕ ತುಂಬಿದವ್ರು ಒಂದ ಕೆಲ್ಸ ಮಾಡ್ರಿ. ಎರಡ ದಿನ ನೀರು ಹಾಕಲಾರದ ಬಿಟ್ಟು ಆಮ್ಯಾಲ ಒಂದ ತಂಬಿಗಿ ನೀರು ಹಾಕಿ ಬಗ್ಗಿ ನೋಡ್ರಿ. ಮಣ್ಣು ಒಣಗಿ ಕುಗ್ಗಿ ಕುಂಡದ ಗೋಡಿ ಬಿಟ್ಟು ಬೆರಳ ಸಂದಿನಷ್ಟು ದೂರ ಸರದಿರ್ತೈತಿ, ನೀರು ಆ ಸಂದಿಯಿಂದ ಸರ್ ಅಂತ ಕೆಳಗಿಳದು ತೂತಿನಿಂದ ಹೊರಗ ಬರ್ತೈತಿ, ನೀವು ನೋಡಿ ಕುಂಡ ತುಂಬ್ತು ಅಂತ ಸಮಾಧಾನ ಆಗ್ತೀರಿ, ನಡಕಿನ ಹೆಂಟಿ ಒಳಗಿನ ಬೇರಿಗೆ ಒಂದ ಹನಿ ಮುಟ್ಟಿರೂದಿಲ್ಲ. ದಿನಾ ನೀರು ಹಾಕಿದ್ರೂ ಗಿಡ ಒಣಗ್ತೈತಿ ಅನ್ನೋರ ಮನ್ಯಾಗ ಹತ್ತಕ್ಕ ಎಂಟ ಸಲ ನಾ ನೋಡಿದ್ದು ಇದ.

ಕುಂಡಕ್ಕ ಎರಡ ಬುಟ್ಟಿ ಕೆಂಪ ಮಣ್ಣು, ಎರಡ ಬುಟ್ಟಿ ಚೆನ್ನಾಗಿ ಕಳತ ಹೆಂಡಿ ಗೊಬ್ಬರ ಇಲ್ಲಾ ಎರೆಗೊಬ್ಬರ, ಒಂದ ಬುಟ್ಟಿ ಉಸುಕು, ಎರಡ ಹಿಡಿ ಬೇವಿನ ಹಿಂಡಿ. ಎರಿ ಮಣ್ಣು ಹಾಕಲೇಬೇಕು ಅಂದ್ರ ಅರ್ಧ ಬುಟ್ಟಿ ಸಾಕು, ಹಸಿ ಹಿಡೀಲಿಕ್ಕೆ. ಹೆಂಡಿ ಗೊಬ್ಬರ ಕಳತೈತೋ ಇಲ್ಲೋ ಮೂಸಿ ನೋಡ್ರಿ, ವಾಸನಿ ಬರಬಾರದು, ಹಿಡದು ಬಿಟ್ರ ಚಾಪುಡಿಯಂಗ ಉದುರಬೇಕು. ಹಸಿ ಹೆಂಡಿ ಹಾಕಿದ್ರ ಒಳಗ ಕಾವು ಎದ್ದು ಬೇರು ಸುಡ್ತಾವ, ಮ್ಯಾಲ ಒರಲಿ ಬ್ಯಾರೆ. ಕುರಿ ಹಿಕ್ಕಿ ಸಿಕ್ರ ಭಾಳ ಚಲೋ, ಅದನ್ನೂ ಒಂದ ಆರ ತಿಂಗಳ ಹಳೇದನ್ನ ತಗೋರಿ.

ಕುಂಡ ಬದ್ಲಿಸೋದು ಎಲ್ಲಾ ಗಿಡಕ್ಕೂ ಬ್ಯಾಡ. ತಳದ ತೂತಿನಿಂದ ಬೇರು ಹಣಿಕಿ ಹಾಕ್ತಿದ್ರ, ಇಲ್ಲಾ ನೀರು ಹಾಕಿದ ಕೂಡ್ಲೇ ಮ್ಯಾಲ ನಿಂತು ಇಂಗಲಾರದ ಹೋದ್ರ ಬದ್ಲಿಸ್ರಿ. ಹಿಂದಿನ ದಿನ ಸಂಜಿಕ ನೀರು ಹಾಕಿಡ್ರಿ, ಮರದಿನ ಸಂಜಿಕ ಕುಂಡ ಅಡ್ಡ ಮಲಗಿಸಿ ಸುತ್ತಲೂ ಕೈಯಿಂದ ಬಡದು ಮೆಲ್ಲಕ ಎಳೀರಿ. ಬೇರು ಚಕ್ಕುಲಿ ಸುತ್ತಿದಂಗ ಸುತ್ತಕೊಂಡಿದ್ರ ಹೊರಗಿನ ಒಂದ ಇಂಚು ಚಾಕುವಿನಿಂದ ಕೊಯ್ದು ತಗೀರಿ, ಹೆದರಬ್ಯಾಡ್ರಿ. ಹೊಸ ಕುಂಡ ಹಳೇದಕ್ಕಿಂತ ಎರಡ-ಮೂರ ಇಂಚು ದೊಡ್ಡದಿದ್ರ ಸಾಕು, ಒಮ್ಮೆಲೇ ಡ್ರಮ್ಮಿಗೆ ಹಾಕಿದ್ರ ಬೇರಿಲ್ಲದ ಮಣ್ಣಾಗ ನೀರು ನಿಂತು ಕೊಳೀತೈತಿ. ಬದ್ಲಿಸಿದ ಗಿಡ ಐದಾರ ದಿನ ನೆರಳಿನಾಗ ಇರ್ಲಿ.

ಇನ್ನ ನೀರಿನ ವಿಷಯ. ಬೋರ್ ನೀರು ಹಾಕೋರ ಕುಂಡದ ಅಂಚಿಗೆ ಬೆಳ್ಳಗ ಸುಣ್ಣ ಹಚ್ಚಿದಂಗ ಕೂತಿರ್ತೈತಿ ನೋಡ್ರಿ, ಎಲಿ ಅಂಚು ಸುಟ್ಟಂಗ ಕಂದು ಆಗಿರ್ತೈತಿ. ಅದು ನೀರಿನಾಗಿನ ಉಪ್ಪು. ಚಿಗುರು ಹೊಡಿಯೋದಕ್ಕಿಂತ ಮುಂಚೆ ಒಂದ ಸಲ ನಗರಪಾಲಿಕಿ ನೀರು ಬಂದ ದಿನ ಕುಂಡಕ್ಕ ಅದರ ಅಳತಿಯಷ್ಟ ನೀರು ಎರಡ ಸಲ ತುಂಬಿ, ಕೆಳಗಿಂದ ಪೂರ್ತಿ ಹರದು ಹೋಗಾಕ ಬಿಡ್ರಿ, ಉಪ್ಪು ತೊಳದು ಹೋಗ್ತೈತಿ. ಕೆಲವ್ರು ಆರ್‌ಓ ಮಷೀನಿನಿಂದ ಹೊರಗ ಬರೋ ವೇಸ್ಟ್ ನೀರನ್ನ ಉಳಿತಾಯ ಅಂತ ಗಿಡಕ್ಕ ಹಾಕ್ತಾರ, ಬ್ಯಾಡ್ರಿ, ಬೋರಿನಾಗಿನ ಉಪ್ಪೆಲ್ಲಾ ಗಟ್ಟಿಯಾಗಿ ಅದರಾಗನ ಇರ್ತೈತಿ, ಅದರಾಗ ಬಚ್ಚಲ ತೊಳೀರಿ. ಅಕ್ಕಿ ತೊಳದ ನೀರು, ಏಸಿಯಿಂದ ಹನಿಯೋ ನೀರು ಚಲೋ.

ಎರಿ ಮಣ್ಣು ಮತ್ತ ಬೋರ್ ನೀರು ಕೂಡಿದ್ರ ಇನ್ನೊಂದ ಕಾಟ ಐತಿ. ಹೊಸ ಎಲಿ ಬರ್ತಾವ, ಬರೋದ ಹಳದಿ ಬಣ್ಣದಾಗ, ನರ ಮಾತ್ರ ಹಸರು, ನಡಕ ಎಲ್ಲಾ ಹಳದಿ, ಮೀನಿನ ಬಲಿ ಹಾಸಿದಂಗ ಕಾಣಸ್ತೈತಿ. ಲಿಂಬಿ, ಗುಲಾಬಿ, ಮಲ್ಲಿಗಿ, ಕರಿಬೇವು ನಾಕಕ್ಕೂ ಬರ್ತೈತಿ. ಗೊಬ್ಬರ ಕಡಿಮಿ ಆತು ಅಂತ ಯೂರಿಯಾ ಹಾಕಬ್ಯಾಡ್ರಿ. ಅದು ಕಬ್ಬಿಣದ ಕೊರತಿ, ಮಣ್ಣಾಗ ಕಬ್ಬಿಣ ಇರ್ತೈತಿ, ಸುಣ್ಣದಂಶ ಹೆಚ್ಚಾಗಿ ಬೇರಿಗೆ ಸಿಗೂದಿಲ್ಲ. ಗೊಬ್ಬರದ ಅಂಗಡ್ಯಾಗ ಅನ್ನಭೇದಿ (ಫೆರಸ್ ಸಲ್ಫೇಟ್) ಕೇಳ್ರಿ, ಒಂದ ಲೀಟರ್ ನೀರಿಗೆ 5 ಗ್ರಾಂ, ಅದಕ್ಕ ಒಂದ ಲಿಂಬಿಹಣ್ಣು ಹಿಂಡಿ, ಸಂಜಿಕ ಎಲಿ ಮ್ಯಾಲ ಸ್ಪ್ರೇ ಮಾಡ್ರಿ, ಹತ್ತ ದಿನಕ್ಕೊಮ್ಮೆ ಎರಡ-ಮೂರ ಸಲ. ಗೋಡಿಗೆ, ಫರಸಿಗೆ ಸಿಡಿದ್ರ ತುಕ್ಕಿನ ಕಲಿ ಬೀಳ್ತೈತಿ, ಮನ್ಯಾಗ ಬೈಸ್ಕೊಂಡೀರಿ. ಹಳಿ ಎಲಿ, ಕೆಳಗಿನ ಎಲಿ ಪೂರ್ತಿ ಹಳದಿ ಆಗಿದ್ರ ಮಾತ್ರ ಅದು ಗೊಬ್ಬರದ ಹಸಿವಿ. ಹೊಸ ಎಲಿಯೋ ಹಳಿ ಎಲಿಯೋ ಅನ್ನೋದನ್ನ ಮೊದಲ ನೋಡ್ರಿ, ಅರ್ಧ ಉತ್ತರ ಅಲ್ಲೇ ಸಿಗ್ತೈತಿ.

ಈಗ ಕತ್ರಿ ಹಿಡಿಯೋಣು. ಕತ್ತರಿಸಿದ್ರ ಯಾಕ ಚಿಗೀತೈತಿ ಅಂದ್ರ, ಟೊಂಗಿ ತುದಿಗೆ ಇರೋ ಮೊಗ್ಗು ಒಂದ ರಸ ಕೆಳಗ ಕಳಿಸ್ಕೋಂತ ಇರ್ತೈತಿ, ಆಕ್ಸಿನ್ ಅಂತಾರ ಅದಕ್ಕ, ಕೆಳಗಿನ ಕಣ್ಣುಗಳನ್ನ ಅದು ಏಳಾಕ ಬಿಡೂದಿಲ್ಲ, ಕೂಡು ಮನ್ಯಾಗಿನ ಹಿರ್ಯಾ ಇದ್ದಂಗ. ತುದಿ ಹಾರಿಸಿದ್ರ ಕೆಳಗಿನ ಮೂರ-ನಾಕ ಕಣ್ಣು ಒಮ್ಮೆಲೇ ತಲಿ ಎತ್ತತಾವ.

ದುಂಡು ಮಲ್ಲಿಗಿಗೆ ಇದು ಎಲ್ಲಾದಕ್ಕಿಂತ ಮುಖ್ಯ, ಯಾಕಂದ್ರ ಅದು ಹೂ ಬಿಡೋದ ಹೊಸ ಚಿಗುರಿನ ತುದಿಗೆ. ಹಳಿ ಟೊಂಗಿ ಎಷ್ಟ ಉದ್ದ ಇದ್ರೂ ಲಾಭ ಇಲ್ಲ. ಜನವರಿಯಾಗ ಒಂದ ಹತ್ತ-ಹನ್ನೆರಡ ದಿನ ನೀರು ಕಡಿಮಿ ಮಾಡ್ರಿ, ಪೂರ್ತಿ ಬಂದ್ ಅಲ್ಲ, ಕುಂಡದಾಗಿದ್ರ ಸತ್ತ ಹೋಗ್ತೈತಿ. ಎಲಿ ಸ್ವಲ್ಪ ಬಾಡಿದಂಗ ಆದ ಮ್ಯಾಲ ನೆಲದಿಂದ ಒಂದೂವರಿ ಫೂಟು ಬಿಟ್ಟು ಮ್ಯಾಲಿಂದೆಲ್ಲಾ ಕತ್ತರಿಸ್ರಿ. ಕೈ ನಡುಗ್ತೈತಿ, ಗೊತ್ತೈತಿ, ಆದ್ರೂ ಕತ್ತರಿಸ್ರಿ. ಒಣಗಿದ್ದು, ಒಂದರ ಮ್ಯಾಲೊಂದು ತಿಕ್ಕೋದು, ಪೆನ್ಸಿಲ್‌ಗಿಂತ ಸಣ್ಣ ಪುಕ್ಕಲು ಕಡ್ಡಿ ಎಲ್ಲಾ ಬುಡದಿಂದ ತಗೀರಿ. ಉಳದ ಎಲಿನೂ ಕೈಯಿಂದ ಜಗ್ಗಿ ತಗದುಬಿಡ್ರಿ. ಬುಡದ ಸುತ್ತ ಮಣ್ಣು ಎರಡ ಇಂಚು ಸಡ್ಲಿಸಿ ಎರಡ ಹಿಡಿ ಎರೆಗೊಬ್ಬರ, ಒಂದ ಹಿಡಿ ಬೇವಿನ ಹಿಂಡಿ ಹಾಕಿ ಮಣ್ಣು ಮುಚ್ಚಿ ತುಂಬ ನೀರು ಹಾಕ್ರಿ. ಹತ್ತ-ಹದಿನೈದ ದಿನಕ್ಕ ಕಣ್ಣು ಒಡೀತಾವ, ಮಾರ್ಚ್ ನಡಕ ಮೊದಲನೇ ಮೊಗ್ಗು, ಅಲ್ಲಿಂದ ಮಳಿ ಹತ್ತೋತನಕ ಸಂಜಿಕೊಮ್ಮೆ ಬುಟ್ಟಿ ಹಿಡಕೊಂಡು ಹೋಗ್ರಿ. ಒಂದ ಸುತ್ತು ಹೂ ಮುಗದ ಮ್ಯಾಲ ಆ ಚಿಗುರಿನ ತುದಿ ಎರಡ ಗಣ್ಣು ಚಿವುಟಿದ್ರ ಮತ್ತೊಂದ ಸುತ್ತು ಬರ್ತೈತಿ.

ಮಲ್ಲಿಗಿ ತಗೋವಾಗ ಹೂ ಇರೋ ಗಿಡಾನ ತಗೋರಿ ಅಂತ ಒಂದ ಮಾತು. ಏಳುಸುತ್ತಿನ ಮಲ್ಲಿಗಿ ಅಂತ ಹೇಳಿ ಒಂದ ನರ್ಸರಿಯವ್ರು ಕೊಟ್ಟ ಗಿಡಕ್ಕ ಎರಡ ವರ್ಷ ಚಾಕರಿ ಮಾಡಿದೆ, ಅರಳಿದಾಗ ಎಣಿಸಿದ್ರ ಒಂದ ಸುತ್ತು.

ಗುಲಾಬಿಗೆ ನಮ್ಮ ಕಡಿ ದೊಡ್ಡ ಕಟಿಂಗ್ ದಸರಾ-ದೀಪಾವಳಿ ಟೈಮಿಗೆ, ಈಗ ಅಲ್ಲ. ಈಗ ಬರೇ ಹೂ ಮುಗದ ಟೊಂಗಿಯನ್ನ ಹೊರಗ ಮಕ ಮಾಡಿರೋ ಕಣ್ಣಿನ ಮ್ಯಾಲ ಒಂಚೂರು ಓರೆಯಾಗಿ ಕತ್ತರಿಸೋದು. ಕಸಿ ಗಂಟಿನ ಕೆಳಗಿಂದ ಉದ್ದಕ ದಪ್ಪಕ ಒಂದ ಚಿಗುರು ಭರ್ ಅಂತ ಎದ್ದಿದ್ರ ಖುಷಿ ಪಡಬ್ಯಾಡ್ರಿ, ಅದು ಕಾಡ ಗುಲಾಬಿ, ಮ್ಯಾಲಿನ ಕಸಿ ಗಿಡದ ಅನ್ನ ತಿಂತೈತಿ, ಬುಡದಿಂದ ಜಗ್ಗಿ ಕೀಳ್ರಿ. ದಾಸಾಳ ಮೂರನೇ ಒಂದ ಭಾಗ ಕತ್ತರಿಸಿದ್ರ ಸಾಕು, ಅದು ಗಟ್ಟಿ ಪಿಂಡ.

ಕರಿಬೇವಿಗೆ ತುದಿ ಚಿವುಟೋದ ಔಷಧ. ಒಗ್ಗರಣಿಗೆ ಒಂದೊಂದ ಎಲಿ ಕಿತ್ಕೋಂತ ಹೋದ್ರ ಗಿಡ ಬಿದ್ರಿನ ಗಳದಂಗ ಒಂಟಿಯಾಗಿ ಮ್ಯಾಲ ಹೋಗ್ತೈತಿ, ಅದರ ಬದ್ಲಿ ತುದಿ ಸಮೇತ ಗೇಣಿನಷ್ಟು ಟೊಂಗಿ ಕತ್ತರಿಸಿ ತಗೊಂಡು ಹೋಗ್ರಿ, ಅಡಗಿನೂ ಆತು, ಗಿಡನೂ ಹರಡ್ತೈತಿ. ಬ್ಯಾಸಗ್ಯಾಗ ಬೆಳ್ಳನ ಹೂವಿನ ಗೊಂಚಲ ಬಿಡ್ತೈತಿ, ಎಲಿ ಬೇಕಂದ್ರ ಅದನ್ನ ಬಿಡಲಾರದ ಚಿವುಟ್ರಿ. ಹುಳಿ ಮಜ್ಜಗಿ ಹಾಕೋದು ನಮ್ಮ ಅವ್ವನ ಪದ್ಧತಿ, ಒಂದ ವಾಟಗಾ ಹುಳಿ ಮಜ್ಜಗಿಗೆ ಹತ್ತ ವಾಟಗಾ ನೀರು, ಹದಿನೈದ ದಿನಕ್ಕೊಮ್ಮೆ. ನಮ್ಮ ಸುಣ್ಣದ ಮಣ್ಣಿಗೆ ಹುಳಿ ಬಿದ್ರ ಗಿಡಕ್ಕ ಒಳ್ಳೇದ ಆಗ್ತೈತಿ, ಉಪ್ಪು ಹಾಕಿದ ಮಜ್ಜಗಿ ಮಾತ್ರ ಬ್ಯಾಡ.

ಲಿಂಬಿ ಬಗ್ಗೆ ಹೇಳಲಾರದ ವಿಜಯಪುರದವ ಅನ್ನಿಸ್ಕೊಳ್ಳಾಕ ಆಗೂದಿಲ್ಲ. ನಮ್ಮ ಜಿಲ್ಲಾದ ಇಂಡಿ ಲಿಂಬಿಗೆ ಜಿಐ ಟ್ಯಾಗ್, ಅಂದ್ರ ಇದು ಈ ಊರಿನದ್ದ ಅನ್ನೋ ಸರ್ಕಾರಿ ಗುರುತು, ಸಿಕ್ಕೈತಿ, ಮನಿ ಮುಂದ ಒಂದ ಲಿಂಬಿ ಗಿಡ ಹಚ್ಚಿದವ್ರೆಲ್ಲಾ ಬ್ಯಾಸಗಿಗೆ ಶರಬತ್ತಿಗೆ ಕಾಯಿ ಸಿಗ್ತಾವ ಅಂತ ಕಾಯ್ಕೊಂಡಿರ್ತಾರ. ಈಗ ಫೆಬ್ರುವರಿಯಾಗ ಬರೋ ಹೂ ಕಾಯಾಗಿ ಹಣ್ಣಾಗಾಕ ಐದಾರ ತಿಂಗಳು ಬೇಕು, ಅಂದ್ರ ಮಳಿಗಾಲಕ್ಕ. ಬ್ಯಾಸಗಿಗೆ ಕಾಯಿ ಬೇಕಂದ್ರ ಸಪ್ಟಂಬರ್-ಅಕ್ಟೋಬರದಾಗ ಹೂ ಬಿಡಿಸ್ಬೇಕು, ತೋಟದವ್ರು ಹಸ್ತ ಬಹಾರ ಅಂತಾರಲ್ಲ ಅದ. ಅದಕ್ಕ ಅವ್ರು ಗಿಡಕ್ಕ ಕೆಲವು ವಾರ ನೀರು ನಿಲ್ಲಿಸಿ, ಎಲಿ ಬಾಡೋತನಕ ಕಾದು, ಆಮ್ಯಾಲ ಗೊಬ್ಬರ ಕೊಟ್ಟು ನೀರು ಬಿಡ್ತಾರ, ಗಿಡ ಗಾಬರಿ ಬಿದ್ದು ಹೂ ಒಗೀತೈತಿ. ಇದನ್ನ ನೆಲದಾಗಿನ ನಾಕೈದ ವರ್ಷದ ಗಿಡಕ್ಕ ಮಾಡ್ರಿ, ಕುಂಡದ ಗಿಡಕ್ಕ ಮಾಡಿದ್ರ ಹೂವಿನ ಬದ್ಲಿ ಕಟಿಗಿ ಸಿಗ್ತೈತಿ. ಈಗ ಲಿಂಬಿಗೆ ಮಾಡೋ ಕೆಲ್ಸ ಎರಡ. ಬಡ್ಡಿಗೆ ನೀರು ತಾಕಬಾರದು, ಬಡ್ಡಿ ಸುತ್ತ ಮಣ್ಣು ಏರಿಸಿ ಅದರಾಚೆ ಉಂಗುರದಂಗ ಪಾತಿ ಮಾಡ್ರಿ, ಇಲ್ಲಂದ್ರ ತೊಗಟಿ ಕೊಳತು ಅಂಟು ಸೋರ್ತೈತಿ. ಮತ್ತ ಬಡ್ಡಿಯಿಂದ ನೆಟ್ಟಗ ಮ್ಯಾಲ ಏಳೋ ಮುಳ್ಳು ಮುಳ್ಳಿನ ಚಿಗುರು ಕೈಯಾಗ ಸಿಗೋವಾಗನ ಮುರೀರಿ.

ಹೂ ಹತ್ತಿದ ಮಾವಿನ ಗಿಡಕ್ಕ ಏನೂ ಮಾಡಬ್ಯಾಡ್ರಿ ಅನ್ನೋದ ನನ್ನ ಸಲಹಾ. ಹೂ ಬಂತು ಪಾಪ ಬಾಯಾರಿರ್ತೈತಿ ಅಂತ ಪೈಪ್ ಹಚ್ಚಿ ನೀರು ಬಿಡ್ತಾರ, ಹೂ ಉದುರ್ತಾವ ಇಲ್ಲಾ ಎಲಿ ಚಿಗೀತೈತಿ. ಕಾಯಿ ಬಟಾಣಿ ಕಾಳಿನಷ್ಟು ಆದ ಮ್ಯಾಲ ನೀರು ಚಾಲೂ ಮಾಡ್ರಿ. ಮನಿ ಮುಂದ ದ್ರಾಕ್ಷಿ ಚಪ್ಪರ ಇದ್ದವ್ರಂತೂ ಈಗ ಕತ್ರಿ ಮುಟ್ಟಬ್ಯಾಡ್ರಿ, ತಿಕೋಟಾ ಕಡಿ ಈಗ ಹಣ್ಣು ಕಟಾವು, ಒಣದ್ರಾಕ್ಷಿ ಶೆಡ್ಡಿನ ಸೀಜನ್, ಬಳ್ಳಿ ಚಾಟ್ನಿ ಮಾಡೋದು, ಅಂದ್ರ ಕತ್ತರಿಸೋದು, ಹಣ್ಣು ಇಳದ ಮ್ಯಾಲ ಏಪ್ರಿಲದಾಗ ಒಮ್ಮೆ, ಅಕ್ಟೋಬರದಾಗ ಇನ್ನೊಮ್ಮೆ. ನುಗ್ಗಿ ಗಿಡನೂ ಈಗ ಹೂ-ಕಾಯ್ಯಾಗ ಇರ್ತೈತಿ, ಅದನ್ನ ಕಾಯಿ ಮುಗದ ಮ್ಯಾಲ ಎದಿಮಟ್ಟಕ್ಕ ಕಡೀರಿ. ಹೊಸಾದು ಹಚ್ಚೋರು ಬಾಗಲಕೋಟಿ ತೋಟಗಾರಿಕಿ ವಿಶ್ವವಿದ್ಯಾಲಯದ ಭಾಗ್ಯ ಅನ್ನೋ ತಳಿ ಕೇಳ್ರಿ, ಆದ್ರ ಸಸಿ ಹಚ್ಚೋದು ಮಳಿ ಬಂದ ಮ್ಯಾಲ.

ಗೊಬ್ಬರದ್ದು ಒಂದ ನಿಯಮ. ಕಣ್ಣು ಒಡಿಯೋದಕ್ಕಿಂತ ಮುಂಚೆ ಗಟ್ಟಿ ಗೊಬ್ಬರ, ಎಲಿ ಬಿಚ್ಚಿದ ಮ್ಯಾಲ ನೀರಿನ ಗೊಬ್ಬರ. ಚಿಗುರು ಕಂಡ ಖುಷಿಗೆ ಬುಡಕ್ಕ ಹಿಡಿ ಯೂರಿಯಾ ಒಗದ್ರ ಅದು ನೀರಡಿಸಿದವ್ಗ ಉಪ್ಪಿಟ್ಟು ತಿನ್ನಿಸಿದಂಗ. ನಾ ಮಾಡೋದು ಶೇಂಗಾ ಹಿಂಡಿ ನೀರು, 100 ಗ್ರಾಂ ಹಿಂಡಿ ಒಂದ ಲೀಟರ್ ನೀರಾಗ ಮೂರ-ನಾಕ ದಿನ ನೆನಸಿಟ್ಟು, ಸೋಸಿ, ಹತ್ತ ಪಟ್ಟು ನೀರು ಕೂಡಿಸಿ, ಹಸಿ ಮಣ್ಣಿಗೆ ಕುಂಡಕ್ಕೊಂದ ತಂಬಿಗಿ, ಹದಿನೈದ ದಿನಕ್ಕೊಮ್ಮೆ. ವಾಸನಿ ಮಾತ್ರ ದೇವರ ಬಲ್ಲ. ಒಮ್ಮೆ ಮಾಳಿಗಿ ಮ್ಯಾಲ ಬಕೆಟ್ ಮುಚ್ಚಲಾರದ ಬಿಟ್ಟಿದ್ದೆ, ಬಾಜೂಕಿನ ಮನ್ಯಾಗ ಹೆಣ್ಣ ನೋಡಾಕ ಬೀಗರು ಬಂದಿದ್ರು. ಮುಚ್ಚಿ ಇಡ್ರಿ.

ಎಳಿ ಚಿಗುರು ಅಂದ್ರ ಹುಳಕ್ಕ ಹೋಳಿಗಿ ಊಟ. ಲಿಂಬಿ, ಕರಿಬೇವು ಎರಡೂ ಒಂದ ಕುಟುಂಬದ ಗಿಡ, ಎರಡರ ಎಲಿ ಮ್ಯಾಲೂ ಹಕ್ಕಿ ಹಿಕ್ಕಿಯಂಗ ಕಪ್ಪು-ಬಿಳಿ ಏನೋ ಅಂಟಿರ್ತೈತಿ, ಕಡ್ಡಿಯಿಂದ ಮುಟ್ಟಿದ್ರ ಕೆಂಪನ ಎರಡ ಕೋಡು ಹೊರಗ ಹಾಕಿ ಘಾಟು ವಾಸನಿ ಬಿಡ್ತೈತಿ, ಅದು ಲಿಂಬಿ ಚಿಟ್ಟಿ ಮರಿ. ಒಂದ ವಾರದಾಗ ಸಣ್ಣ ಗಿಡ ಬೋಳಿಸ್ತೈತಿ. ಮುಂಜಾನಿ ಎದ್ದು ಆರಿಸಿ ತಗದ್ರ ಸಾಕು, ಔಷಧ ಬ್ಯಾಡ. ಲಿಂಬಿ ಹೊಸ ಎಲಿ ಮ್ಯಾಲ ಬೆಳ್ಳಿ ಬಣ್ಣದ ಸೊಟ್ಟ ಸೊಟ್ಟ ಗೀರು ಇದ್ರ ಅದು ಎಲಿ ಒಳಗ ಸುರಂಗ ಕೊರಿಯೋ ಹುಳ, ಎಳಿ ಎಲಿಗಷ್ಟ ಬರ್ತೈತಿ. ದಾಸಾಳಕ್ಕ ಬಿಳಿ ಹತ್ತಿ ಅಂಟಿದಂಗ ಹಿಟ್ಟು ತಿಗಣಿ, ಅದಿದ್ದಲ್ಲಿ ಇರವಿ ಸಾಲು ಇರ್ತೈತಿ, ಇರವಿನ ಅವನ್ನ ಗಿಡದಿಂದ ಗಿಡಕ್ಕ ಹೊತ್ತು ಒಯ್ಯೋದು. ಮೊದಲ ಪೈಪಿನಿಂದ ಜೋರಾಗಿ ನೀರು ಹೊಡದು ತೊಳೀರಿ, ಆಮ್ಯಾಲ ಬೇವಿನ ಎಣ್ಣಿ ಒಂದ ಲೀಟರಿಗೆ 5 ಎಂಎಲ್, ಕೂಡಾಕ ನಾಕ ಹನಿ ಪಾತ್ರಿ ತೊಳಿಯೋ ಲಿಕ್ವಿಡ್, ಸಂಜಿ ಐದರ ಮ್ಯಾಲ ಎಲಿ ಕೆಳಗೂ ಮ್ಯಾಲೂ. ಬಿಸ್ಲಾಗ ಹೊಡದ್ರ ಎಣ್ಣಿ ಕಾದು ಎಲಿ ಕರೀತೈತಿ. ಬೇವಿನ ಎಣ್ಣಿನೂ ಅನ್ನಭೇದಿನೂ ಒಂದ ದಿನ ಕೂಡಿಸಬ್ಯಾಡ್ರಿ.

ಹೂವಿನ ಗಿಡ ಬ್ಯಾಡ, ಊಟದ ಬಳ್ಳಿ ಬೇಕು ಅನ್ನೋರು ಬ್ಯಾಸಗಿ ಕಾಯಿಪಲ್ಯದ ಬೀಜ ಶಿವರಾತ್ರಿ ಒಳಗ ಹಾಕ್ರಿ. ಚೌಳಿ, ಬೆಂಡಿ, ಹೀರಿ, ಸವತಿ. ಚೌಳಿ ಅಂದ್ರ ಬಿಸ್ಲಿನ ಮಗಳು, ನೀರು ಕಡಿಮಿ ಇದ್ರೂ ತಲಿ ಕೆಡಿಸ್ಕೊಳ್ಳೂದಿಲ್ಲ. ಹೀರಿ ಬೀಜದ ಸಿಪ್ಪಿ ದಪ್ಪ, ರಾತ್ರಿ ನೆನಸಿ ಹಾಕ್ರಿ. ಹೀರಿ ಬಳ್ಳಿಗೆ ಹೂ ಬರೇ ಹೂ, ಕಾಯಿ ಒಂದೂ ಇಲ್ಲ ಅಂತ ಮೊದಲ ಎರಡ ವಾರ ಬೈಬ್ಯಾಡ್ರಿ, ಮೊದಲ ಗಂಡ ಹೂ ಬರ್ತಾವ, ಹೆಣ್ಣ ಹೂವಿಗೆ ಕೆಳಗ ಸಣ್ಣ ಕಾಯಿ ಅಂಟಿರ್ತೈತಿ. ಹೀರಿ ಹೂ ಅರಳೋದು ಸಂಜಿಕ, ಮಾಳಿಗಿ ಮ್ಯಾಲ ಜೇನು ಬರಲಿಲ್ಲಂದ್ರ ಗಂಡ ಹೂ ಕಿತ್ತು ಅದರ ಪುಡಿ ಹೆಣ್ಣ ಹೂವಿಗೆ ನೀವ ಸವರ್ರಿ. ಮೆಂತೆ, ಕೊತ್ತಂಬರಿ ಇದ ಕೊನಿ ಸಲ ಅಂತ ಫೆಬ್ರುವರಿ ಮೊದಲ ವಾರ ಹಾಕ್ಕೋರಿ, ಮಾರ್ಚದಾಗ ಹಾಕಿದ್ರ ಚೋಟುದ್ದ ಆಗೋದ್ರಾಗ ಹೂ ಬಿಡ್ತಾವ. ರಾಜಗಿರಿ, ಪುಂಡಿ ಪಲ್ಯಕ್ಕ ಬಿಸ್ಲಿನ ಚಿಂತಿ ಇಲ್ಲ.

ಹೋಳಿ ಬರೋದ್ರೊಳಗ ಹೊದಿಕಿ ತಯಾರ ಇರಬೇಕು. ಈಗ ಊರಾಗ ಜೋಳದ ರಾಶಿ, ಕಡ್ಲಿ ರಾಶಿ ನಡದಿರ್ತಾವ, ಯಾರಾದ್ರೂ ಬೀಗರ ಹೊಲದಿಂದ ಒಂದ ಚೀಲ ಹೊಟ್ಟು ತರಿಸ್ರಿ, ಜಮಖಂಡಿ-ಮುಧೋಳ ಕಡ್ಯಾವ್ರಿಗೆ ಕಬ್ಬಿನ ರವದಿ ಪುಕ್ಕಟೆ ಸಿಗ್ತೈತಿ, ಏನೂ ಸಿಗಲಿಲ್ಲಂದ್ರ ಓಣ್ಯಾಗ ಬೇವಿನ ಗಿಡ ಎಲಿ ಉದುರಿಸೋ ಟೈಮ್ ಇದ, ಕಸದವ್ರು ಬೆಂಕಿ ಹಚ್ಚೋದ್ರೊಳಗ ಬಾಚ್ಕೊಂಡು ಬರ್ರಿ. ಎರಡ ಇಂಚು ದಪ್ಪ ಹಾಸ್ರಿ, ಬುಡಕ್ಕ ತಾಕದಂಗ ನಾಕ ಬೆರಳು ಜಾಗಾ ಬಿಡ್ರಿ. ಹಾಸೋ ಮುಂಚೆ ಬೇವಿನ ಹಿಂಡಿ ಉದುರಿಸಿದ್ರ ಒರಲಿ ಕಾಟ ಕಡಿಮಿ. ಎರಿ ನೆಲ ಬಿರಕ ಬಿಟ್ಟು ಬೇರು ಹರೀತೈತಲ್ಲ, ಹೊದಿಕಿ ಇದ್ರ ಆ ಬಿರಕನೂ ಕಡಿಮಿ.

ನೆರಳಿಗೆ ನೆಟ್ ತರೋರು 50 ಪರ್ಸೆಂಟ್ ಬಿಸ್ಲು ತಡಿಯೋ ಹಸರು ನೆಟ್ ತರ್ರಿ, 75 ತಂದ್ರ ಮಲ್ಲಿಗಿ ಮೊಗ್ಗು ಬಿಡೂದಿಲ್ಲ. ತಲಿ ಮ್ಯಾಲಷ್ಟ ಕಟ್ಟಿ ಪಡುವಣ ಕಡಿ ತೆರೆದು ಬಿಟ್ರ ಉಪಯೋಗ ಇಲ್ಲ, ಎಲಿ ಸುಡೋದು ಮಧ್ಯಾಹ್ನ ಎರಡರಿಂದ ಐದರತನಕ ಆ ಕಡಿಯಿಂದ ಬರೋ ಬಿಸ್ಲು, ಹಂಗಾಗಿ ಪಡುವಣ ಬದಿಗೆ ನೆಟ್ ಕೆಳಗಿನತನಕ ಇಳಿ ಬಿಡ್ರಿ. ಗಿಡದ ತುದಿಗೂ ನೆಟ್ಟಿಗೂ ಎರಡ ಫೂಟು ಜಾಗಾ ಇರಲಿ, ಗಾಳಿ ಆಡ್ಬೇಕು. ಹಗ್ಗದಿಂದ ಬಿಗಿಯಾಗಿ ಕಟ್ರಿ, ಏಪ್ರಿಲ್ ಕೊನಿಗೆ ಅಡ್ಡ ಮಳಿ ಗಾಳಿ ಬೀಸಿದ್ರ ನೆಟ್ ಹೋಗಿ ಮೂರನೇ ಮನಿ ಟಿವಿ ಡಿಶ್ಶಿಗೆ ಸುತ್ತಕೋತೈತಿ. ಮಾಳಿಗಿ ಮ್ಯಾಲಿನ ಕುಂಡದ ಕೆಳಗ ಎರಡ ಇಟ್ಟಂಗಿ ಇಡ್ರಿ, ಕಾದ ಆರ್‌ಸಿಸಿ ಮ್ಯಾಲ ಕೂತ್ರ ಬೇರು ಕುದೀತಾವ. ನೀರು ಮುಂಜಾನಿ ಏಳರೊಳಗ, ಮಾರ್ಚ್ ದಾಟಿದ ಮ್ಯಾಲ ಸಂಜಿಕೂ ಅರ್ಧ ಪಾಲು, ಮತ್ತ ಸಂಜಿಕ ಪೈಪ್ ಹಿಡಿಯೋ ಮುಂಚೆ ಮೊದಲ ಬರೋ ಕಾದ ನೀರನ್ನ ಒಂದೆರಡ ನಿಮಿಷ ಬಕೆಟ್ಟಿಗೆ ಬಿಟ್ಟು, ಕೈ ಇಟ್ಟು ತಣ್ಣಗಾತು ಅಂತ ನೋಡ್ಕೊಂಡು ಆಮ್ಯಾಲ ಗಿಡಕ್ಕ ಹಿಡೀರಿ.